ಬೆರಿಲ್ ಬರೆದುಕೊಟ್ಟ ಆರು ಹಾಳೆ

ಬೆರಿಲ್ ಸಗ್ಡನ್ ತನ್ನ ಬಗ್ಗೆ ತಾನು ಒಂದೇ ಒಂದು ಒಳ್ಳೆಯ ಮಾತು ಆಡಿಕೊಂಡದ್ದನ್ನು ಸ್ಕಾರ್‌ಹೋಮ್‌ನಲ್ಲಿ ಯಾರೂ ಕೇಳಿಲ್ಲ. ಅವಳು ಬೇಯಿಸಿದ ಪೈ ಬಹಳ ಚೆನ್ನಾಗಿದೆ ಅಂದರೆ "ಒಲೆ ಒಳ್ಳೇದಿದೆ" ಅನ್ನುವಳು. ಕೋಟು ಒಪ್ಪುತ್ತದೆ ಅಂದರೆ "ಹಳೇದು, ತೋಳು ಸವೆದಿದೆ ನೋಡಿ" ಎಂದು ತೋಳನ್ನೇ ಎತ್ತಿ ತೋರಿಸುವಳು. ಯಾರ್ಕ್‌ಶೈರಿನ ಈ ಮೂಲೆಯಲ್ಲಿ ಹುಟ್ಟಿದವರು ಹೀಗೆಯೇ. ಹೊಗಳಿದರೆ ಕೈಗೆ ಕೆಂಡ ಇಟ್ಟ ಹಾಗೆ ಆಡುತ್ತಾರೆ, ಹೊಗಳದಿದ್ದರೆ ಒಳಗೊಳಗೇ ಬೇಯುತ್ತಾರೆ. ಇದನ್ನು ವಿನಯ ಎಂದು ಕರೆದು ಮೂರು ತಲೆಮಾರಿನ ಹೆಂಗಸರನ್ನು ಅಡಿಗೆಮನೆಯಲ್ಲಿ ನಿಲ್ಲಿಸಿದ್ದಾರೆ.

ಅವಳು ಹುಟ್ಟಿದ್ದು ಉಣ್ಣೆ ಗಿರಣಿಯ ಹಿಂದಿನ ಸಾಲುಮನೆಯಲ್ಲಿ. ಹದಿನೈದಕ್ಕೆ ಮಗ್ಗದ ಮುಂದೆ ನಿಂತಳು. ಗಿರಣಿ ಮುಚ್ಚಿದಾಗ ಅವಳಿಗೆ ಮೂವತ್ತು. ಗಂಡ ರಾನಿ ಕಲ್ಲಿದ್ದಲಿನ ಲಾರಿ ಓಡಿಸುತ್ತಿದ್ದ. ಐವತ್ತು ದಾಟುವುದರೊಳಗೆ ಕೆಮ್ಮಿ ಕೆಮ್ಮಿ ಹೋದ. ಮಕ್ಕಳಾಗಲಿಲ್ಲ. ಯಾಕೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

1976ರ ಚಳಿಗಾಲದಲ್ಲಿ ಒಂದು ದಿನ ಪಕ್ಕದ ಮನೆಯ ಮುದುಕಿ ಮಿಸೆಸ್ ಟಾರ್ಡಾಫ್ ಚಳಿಗೆ ಕೈಗವಸು ಹಾಕಿಕೊಂಡು, ಡಬ್ಬಿಯೊಳಗಿನ ತಣ್ಣನೆಯ ಬೀನ್ಸ್ ಕಾಳನ್ನು ಚಮಚದಿಂದ ತಿನ್ನುತ್ತಿದ್ದುದನ್ನು ಬೆರಿಲ್ ಕಿಟಕಿಯಿಂದ ಕಂಡಳು. ಮಾರನೆಯ ದಿನ ಚರ್ಚಿನ ಪಕ್ಕದ ಸಭಾಭವನದ ಬೀಗದ ಕೈ ಕೇಳಿ ಇಸಿದುಕೊಂಡು ಆರು ಜನಕ್ಕೆ ಬಿಸಿ ಊಟ ಹಾಕಿದಳು. ಆರು ಹನ್ನೆರಡಾಯಿತು, ಹನ್ನೆರಡು ನಲವತ್ತಾಯಿತು. ಮಂಗಳವಾರ, ಗುರುವಾರ, ಮಧ್ಯಾಹ್ನ ಹನ್ನೆರಡು ಹೊಡೆದರೆ ಮೇಜಿನ ಮೇಲೆ ತಟ್ಟೆ. ರಾನಿಯನ್ನು ಮಣ್ಣು ಮಾಡಿದ್ದು ಒಂದು ಬುಧವಾರ. ಗುರುವಾರ ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು. ಹೀಗೆ ಮೂವತ್ತಾರು ವರ್ಷ.

ಸಭಾಭವನಕ್ಕೊಂದು ಸಮಿತಿ, ಸಮಿತಿಗೊಬ್ಬ ಅಧ್ಯಕ್ಷ. ಹತ್ತೊಂಬತ್ತು ವರ್ಷಗಳಿಂದ ಅದು ಕ್ಲಿಫರ್ಡ್ ಹೋಲ್ರಾಯ್ಡ್. ಮನೆ ಮಾರಾಟದ ವ್ಯವಹಾರ ಮಾಡಿ ನಿವೃತ್ತನಾದ, ಎತ್ತರದ, ಒಳ್ಳೆಯ ಕಂಠದ ಮನುಷ್ಯ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವನ ಮೇಲೆ ಸಿಟ್ಟಾದರೂ ಮಾಡಬಹುದಿತ್ತು. ಕ್ರಿಸ್‌ಮಸ್ ಊಟದ ದಿನ ಬಂದು, ಟರ್ಕಿ ಕೋಳಿಯ ಮೊದಲ ಹೋಳನ್ನು ಪತ್ರಿಕೆಯ ಫೋಟೋಕ್ಕಾಗಿ ಕತ್ತರಿಸಿ, ಚಾಕುವನ್ನು ಬೆರಿಲ್ ಕೈಗೆ ಕೊಟ್ಟು ಹೋಗುತ್ತಿದ್ದ. ಉಳಿದ ಮೂವತ್ತೊಂಬತ್ತು ತಟ್ಟೆ ಅವಳದು.

2012ರ ಅಕ್ಟೋಬರಿನಲ್ಲಿ ಸಮಿತಿಯ ಕಾರ್ಯದರ್ಶಿ ಹಿಲರಿ ಎಕ್ರಾಯ್ಡ್ ಅಡಿಗೆಮನೆಗೆ ಬಂದಳು. ಊರಿಗೆ ಬಂದು ಆರು ವರ್ಷವಾಗಿದ್ದ, ಚುರುಕಾದ, ಎಲ್ಲರಿಗೂ ಒಳ್ಳೆಯದನ್ನೇ ಬಯಸುವ ಹೆಂಗಸು. ಬಾಗಿಲು ಹಾಕಿಕೊಂಡು ದನಿ ಇಳಿಸಿದಳು.

"ಬೆರಿಲ್, ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು. ಈ ಊಟದ ಕೂಟ ಶುರುವಾದಾಗಿಂದ ಏನೇನಾಯ್ತು ಎಲ್ಲಾ ಬರೆದು ಕೊಡ್ತೀರಾ? ಯಾವ ವರ್ಷ ಏನು, ಎಷ್ಟು ಜನ, ಆ ಪ್ರವಾಹದ ದಿನ ಏನಾಯ್ತು, ಒಂದೂ ಬಿಡ್ಬೇಡಿ."

"ಯಾತಕ್ಕೆ?"

"ಅದನ್ನ ಮಾತ್ರ ಕೇಳ್ಬೇಡಿ. ಹೇಳೋ ಹಾಗಿಲ್ಲ, ನಿಯಮ ಹಾಗಿದೆ. ನೀವೂ ಯಾರ ಹತ್ರಾನೂ ಬಾಯಿ ಬಿಡ್ಬೇಡಿ, ಆಯ್ತಾ?"

ಹಿಲರಿ ತುಟಿಯ ಮೇಲೆ ಬೆರಳಿಟ್ಟು, ನಕ್ಕು ಹೋದಳು. ಪಾತ್ರೆ ತೊಳೆಯುತ್ತಿದ್ದ ಡೊರೀನ್ ನಲ್ಲಿ ನಿಲ್ಲಿಸಿದಳು. ಬೆರಿಲ್‌ಳ ಹತ್ತು ವರ್ಷದ ಜೊತೆಗಾತಿ. ನಾಲಿಗೆ ಸ್ವಲ್ಪ ಹರಿತ.

"ಹೇಳೋ ಹಾಗಿಲ್ಲ ಅಂದ್ರೆ ಹೇಳಿದ ಹಾಗೇ ಕಣೇ! ನಿನಗೆ ಪದಕ."

"ಸುಮ್ನಿರೇ, ಏನಾದ್ರೂ ಮಾತಾಡ್ಬೇಡ."

"ಶಾಲೆ ಮುಂದೆ ಮಕ್ಕಳನ್ನ ರಸ್ತೆ ದಾಟಿಸ್ತಿದ್ಲಲ್ಲ ಮೇವಿಸ್, ಅವಳಿಗೂ ಹೀಗೇ ಆಯ್ತು. ಮೊದಲು ಸುಮ್‌ಸುಮ್ನೆ ಯಾರೋ ಬಂದು ವಿಚಾರಿಸಿದ್ರು. ವರ್ಷದ ಮೇಲೆ ಲಂಡನ್ನಿಂದ ಕಾಗ್ದ. ಯಾರಿಗೆ ಕೊಡ್ತಾರೋ ಅವರಿಗೆ ಗೊತ್ತಾಗ್ಬಾರ್ದಂತೆ. ನೀನೂ ಗೊತ್ತಿಲ್ದಿರೋ ಹಾಗೆ ಇರು. ಮುಖ ಮಾತ್ರ ಸ್ವಲ್ಪ ಸಣ್ಣಗೆ ಮಾಡ್ಕೋ, ಹಲ್ಲು ಕಾಣ್ತಿದೆ!"

ಇಷ್ಟಂತೂ ಈ ದೇಶದಲ್ಲಿ ಎಲ್ಲರಿಗೂ ಗೊತ್ತು. ಹೆಸರು ಸೂಚಿಸುವವರು ಬೇರೆ, ಪಡೆಯುವವರು ಬೇರೆ. ಅರ್ಜಿ ತುಂಬುವವರು ಕಳ್ಳರ ಹಾಗೆ ಕದ್ದುಮುಚ್ಚಿ ವಿವರ ಕೂಡಿಸಬೇಕು, ಜೊತೆಗೆ ಇಬ್ಬರು ಬೆಂಬಲದ ಪತ್ರ ಬರೆಯಬೇಕು. ಸನ್ಮಾನ ಸಿಗುವವರು ಕೊನೆಗೆ ಕಾಗದ ಬಂದಾಗ ಬೆಚ್ಚಿಬೀಳಬೇಕು. ಆ ಬೆಚ್ಚುವಿಕೆಯಲ್ಲಿಯೇ ಅವರ ಯೋಗ್ಯತೆ ಇದೆ ಎಂದು ತಿಳಿದಿದ್ದಾರೆ. ಆ ಸನ್ಮಾನದ ಹೆಸರು ಬ್ರಿಟಿಷ್ ಎಂಪೈರ್ ಮೆಡಲ್. ಸಾಮ್ರಾಜ್ಯ ಮುಳುಗಿ ಯಾವ ಕಾಲವಾಯಿತೋ, ಪದಕದ ಹೆಸರಿನಲ್ಲಿ ಮಾತ್ರ ಇನ್ನೂ ಉಸಿರಾಡುತ್ತಿದೆ.

ಆದರೆ ಬೆರಿಲ್‌ಗೆ ಅದು ಬೇಕಿತ್ತು. ಇದನ್ನು ನೇರವಾಗಿ ಹೇಳಿಬಿಡುವುದೇ ಸರಿ, ಯಾಕೆಂದರೆ ಅವಳಂತೂ ಹೇಳುವವಳಲ್ಲ. ಅರವತ್ತೇಳು ವರ್ಷಕ್ಕೆ ಒಂದು ಸಲ, ಒಂದೇ ಸಲ, ಯಾರಾದರೂ ನಾಲ್ಕು ಜನರ ಮುಂದೆ ತನ್ನ ಹೆಸರು ಹಿಡಿದು "ಇದನ್ನು ಮಾಡಿದವಳು ಇವಳು" ಅನ್ನಬೇಕು ಎಂದು ಅವಳಿಗೆ ಆಸೆಯಾಯಿತು.

ಮೂರು ಮಧ್ಯಾಹ್ನ ಕೂತು ಬರೆದಳು. ಮಿಸೆಸ್ ಟಾರ್ಡಾಫ್‌ಳಿಂದ ಶುರುಮಾಡಿ, ಹಿಮ ಬಿದ್ದು ರಸ್ತೆ ಮುಚ್ಚಿದ ವರ್ಷ ಮನೆಮನೆಗೆ ಸೂಪು ಹೊತ್ತದ್ದು, ಒಲೆ ಕೆಟ್ಟಾಗ ಮೂರು ವಾರ ಮನೆಯಲ್ಲೇ ಬೇಯಿಸಿ ತಂದದ್ದು, ಎಲ್ಲ ಬರೆದಳು. ಐದನೆಯ ಹಾಳೆಗೆ ಪ್ರವಾಹ ಬಂತು.

ಅದು 2000ದ ನವೆಂಬರ್, ಮಂಗಳವಾರ. ಮೇಲಿನ ಬೆಟ್ಟದಿಂದ ನದಿ ಒಮ್ಮೆಲೇ ಏರಿ, ಊಟಕ್ಕೆ ಕೂತವರ ಮೊಣಕಾಲಿಗೆ ನೀರು ಬಂದಿತ್ತು. ಆ ದಿನ ಕೈಯಾಳು ಯಾರೂ ಬಂದಿರಲಿಲ್ಲ. ಮಳೆಯಲ್ಲೂ ಬಂದಿದ್ದ ಹನ್ನೊಂದು ಜನ ಮುದುಕರನ್ನು ಒಬ್ಬೊಬ್ಬರಾಗಿ ಚರ್ಚಿನ ಮೇಲಂತಸ್ತಿಗೆ ಹತ್ತಿಸಿದವಳು ಬೆರಿಲ್ ಒಬ್ಬಳೇ. ಕೊನೆಯಲ್ಲಿ ಉಳಿದವನು ವಿಲ್ಫ್ ನಟಲ್, ಎರಡು ಕಣ್ಣೂ ಹೋಗಿದ್ದ ಹಳೆಯ ನೇಕಾರ. ಅವನ ಬಳಿಗೆ ಬರುವಷ್ಟರಲ್ಲಿ ನೀರು ಸೊಂಟ ಮುಟ್ಟಿತ್ತು. "ಕೈ ಬಿಡ್ಬೇಡಿ ವಿಲ್ಫ್, ನಾನು ಬಿಡಲ್ಲ" ಎಂದು ಅವನನ್ನು ಎಳೆದು ತಂದಿದ್ದಳು. ಕ್ಲಿಫರ್ಡ್ ಆ ವಾರ ಪೋರ್ಚುಗಲ್ಲಿನಲ್ಲಿ ಗಾಲ್ಫ್ ಆಡುತ್ತಿದ್ದ. ಬಂದ ಮೇಲೆ ರಬ್ಬರ್ ಬೂಟು ಹಾಕಿಕೊಂಡು ಕೆಸರಿನಲ್ಲಿ ನಿಂತದ್ದರ ಫೋಟೋ ಇದೆ.

ಬೆರಿಲ್ ಮೊದಲು "ನಾನು ವಿಲ್ಫ್ ನಟಲ್ ಅವರ ಕೈ ಹಿಡಿದುಕೊಂಡೆ" ಎಂದು ಬರೆದಳು. ಬರೆದದ್ದನ್ನು ನೋಡಿದಳು. ಕಿವಿ ಬಿಸಿಯಾಯಿತು. ಏನು ಜಂಬ, ಇದೇನು ಡಂಗುರ! ಹಾಳೆ ಹರಿದು ಬೇರೆ ತೆಗೆದುಕೊಂಡು, "ವಿಲ್ಫ್ ನಟಲ್ ಅವರನ್ನು ಕೈಹಿಡಿದು ಮೇಲಕ್ಕೆ ಕರೆದೊಯ್ಯಲಾಯಿತು" ಎಂದು ಬರೆದಳು. ಹಿಂದಿನ ನಾಲ್ಕು ಹಾಳೆಯನ್ನೂ ತಿರುಗಿ ಬರೆದು, ತನ್ನನ್ನು ಎಲ್ಲೆಲ್ಲಿಂದ ತೆಗೆಯಬಹುದೋ ಅಲ್ಲಲ್ಲಿಂದ ತೆಗೆದಳು. ಹೆಸರನ್ನು ಹಿಲರಿ ಹಾಕಿಕೊಳ್ಳುತ್ತಾಳಲ್ಲ, ಹಾಕಬೇಕಾದವಳು ಅವಳೇ ತಾನೆ? ಕೊನೆಗೆ ಮರ್ಯಾದೆಗೆ ಒಂದು ಸಾಲು: ಅಧ್ಯಕ್ಷ ಮಿಸ್ಟರ್ ಕ್ಲಿಫರ್ಡ್ ಹೋಲ್ರಾಯ್ಡ್ ಅವರ ಬೆಂಬಲಕ್ಕೆ ಕೃತಜ್ಞತೆಗಳು. ಕೆಲಸ ಮಾಡಿದವರ ಹೆಸರು ಅಂತ ಆ ಆರು ಹಾಳೆಯಲ್ಲಿ ಹುಡುಕಿದರೆ ಸಿಗುವುದು ಅದೊಂದೇ.

ಆಮೇಲೆ ಕಾಯುವ ಕೆಲಸ. ಸಮಿತಿಯವರು ಕೂತಿದ್ದ ಕೋಣೆಗೆ ಅವಳು ಟೀ ತೆಗೆದುಕೊಂಡು ಹೋದರೆ ಹಿಲರಿ ಮಾತು ನಿಲ್ಲಿಸಿ ಕಾಗದ ಮಗುಚಿ ಇಡುವಳು. ಬೆರಿಲ್‌ಗೆ ಹಾಲು ಕುಡಿದಷ್ಟು ಸಂತೋಷ. ಕಾಣದವಳ ಹಾಗೆ ಕಪ್ಪು ಇಟ್ಟು ಬರುವಳು. ಒಂದು ವರ್ಷ ಪೂರ್ತಿ ಹೀಗೆ ಗೊತ್ತಿಲ್ಲದವಳ ಹಾಗೆ ಇದ್ದಳು. ಅಷ್ಟು ಚೆನ್ನಾಗಿ ಅವಳು ಬೇರೆ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಹೊಸವರ್ಷದ ಸನ್ಮಾನಗಳ ಪಟ್ಟಿಯಲ್ಲಿ ಹೆಸರಿದ್ದರೆ ನವೆಂಬರಿನಲ್ಲಿ ಕಾಗದ ಬರುತ್ತದೆ, ಒಪ್ಪಿಗೆಯೋ ಇಲ್ಲವೋ ತಿಳಿಸಿ ಎಂದು. 2013ರ ನವೆಂಬರ್ ಇಡೀ ಅವಳು ಬೆಳಿಗ್ಗೆ ಬಾಗಿಲ ಬಳಿಯ ಕಾಲೊರಸು ನೋಡಿಯೇ ನೋಡಿದಳು. ಗ್ಯಾಸಿನ ಕಾಗದ, ಕನ್ನಡಕದ ಅಂಗಡಿಯ ಕಾಗದ. ಡಿಸೆಂಬರ್ ಬಂತು. ಅವಳ ಮನೆ ಮಿಲ್ ಲೇನ್ ಹದಿನಾಲ್ಕು. ಹೊಳೆಯಾಚೆ ಮಿಲ್ ರೋಡ್ ಹದಿನಾಲ್ಕೂ ಇದೆ. ಅಲ್ಲಿಗೇ ಹೋಗಿರಬೇಕು! ಒಳ್ಳೆಯ ಕೋಟು ಹಾಕಿಕೊಂಡು ಹೋಗಿ, ಗುರುತಿಲ್ಲದ ಮನೆಯ ಬಾಗಿಲು ತಟ್ಟಿ, ನನ್ನ ಹೆಸರಿಗೆ ಏನಾದರೂ ಬಂದಿತ್ತಾ ಎಂದು ಕೇಳಿದಳು. ಆ ಮನೆಯ ಹೆಂಗಸು ಪಾಪ ಎಲ್ಲ ಹುಡುಕಿ, ಬೆರಿಲ್ ಹೆಸರಿಗೆ ಬಂದು ಬೇಸಿಗೆಯಿಂದ ಬಿದ್ದಿದ್ದ ಬೀಜದ ಅಂಗಡಿಯ ಪುಸ್ತಕವೊಂದನ್ನು ತಂದುಕೊಟ್ಟಳು. ಬೆರಿಲ್ ಅದಕ್ಕೇ ಬಂದವಳ ಹಾಗೆ ಬಾಯಿತುಂಬ ವಂದನೆ ಹೇಳಿ ಎದೆಗವಚಿಕೊಂಡು ಬಂದಳು.

ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ಪತ್ರಿಕೆ ಕೊಳ್ಳಲು ತಾನೇ ಹೋದಳು. ಅಂಗಡಿಯವನು "ನಮ್ಮೂರಿಗೂ ಒಂದು ಬಂದಿದೆ ನೋಡಿ ಬೆರಿಲ್" ಅಂದ. ಅಲ್ಲಿಯೇ ಹಾಳೆ ಬಿಡಿಸಿ ಸಗ್ಡನ್ ಎಂಬುದನ್ನು ಹುಡುಕಿದಳು. ಇಲ್ಲ. ಮೇಲಿನಿಂದ ಕೆಳಕ್ಕೆ ಮತ್ತೊಮ್ಮೆ ಹುಡುಕಿದಳು. ಆಗ ಕಂಡಿತು: ಕ್ಲಿಫರ್ಡ್ ಹೋಲ್ರಾಯ್ಡ್, ಸ್ಕಾರ್‌ಹೋಮ್‌ನ ವೃದ್ಧರ ಸೇವೆಗಾಗಿ.

"ಎಲ್ಲೋ ಒಂದು ಕಡೆ ಖುಷಿ ಆಗುತ್ತಲ್ವಾ, ನಿಮ್ಮ ಭವನಕ್ಕೇ ಬಂತು" ಅಂದ ಅಂಗಡಿಯವನು.

"ಆಗುತ್ತಪ್ಪ" ಅಂದಳು ಬೆರಿಲ್.

ಜನವರಿಯ ಮೊದಲ ಮಂಗಳವಾರ ಹಿಲರಿ ಅಡಿಗೆಮನೆಗೆ ಓಡೋಡಿ ಬಂದು ಅವಳನ್ನು ತಬ್ಬಿಕೊಂಡಳು. "ಅಬ್ಬಾ, ಈಗ ಬಾಯಿ ಬಿಡ್ಬೋದು! ನಿಮ್ಮ ಆರು ಹಾಳೆ ಇಲ್ದಿದ್ರೆ ಏನೂ ಆಗ್ತಿರ್ಲಿಲ್ಲ ಬೆರಿಲ್. ನಾನು ಅದನ್ನೇ ತಿದ್ದಿ ಕಳಿಸ್ದೆ. ಕ್ಲಿಫರ್ಡ್ ಏನೂ ಹೇಳ್ಕೊಳ್ಳೋರಲ್ವಲ್ಲ, ನಿಮ್ಮನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ? ಗುಟ್ಟು ಕಾಪಾಡಿದ್ರಲ್ಲ, ದೇವ್ರು ನೀವು. ಮಾರ್ಚ್‌ನಲ್ಲಿ ರಾಣಿಯವರ ಪರವಾಗಿ ಲಾರ್ಡ್ ಲೆಫ್ಟಿನೆಂಟ್ ಇಲ್ಲಿಗೇ ಬಂದು ಪದಕ ಕೊಡ್ತಾರೆ. ಎಂಬತ್ತು ಜನ ಆಗ್ಬೋದು. ಟೀ ಜೊತೆಗೆ ನಿಮ್ಮ ಸ್ಕೋನ್ ಇಲ್ದೇ ಆಗುತ್ತಾ?"

ಅವಳ ಮುಖದಲ್ಲಿ ಕಪಟ ಹುಡುಕಿದರೂ ಇರಲಿಲ್ಲ. ಕೆಲಸ ಯಾರದು ಎಂದು ಅವಳು ಯೋಚಿಸಿಯೇ ಇರಲಿಲ್ಲ. ಅಡಿಗೆಮನೆಯಲ್ಲಿ ಇರುವವರು ಕೈಗಳು, ವೇದಿಕೆಯ ಮೇಲೆ ಇರುವವರು ಜನ. ಅಷ್ಟೇ ಅವಳ ತಿಳಿವಳಿಕೆ. ಈ ದೇಶವನ್ನು ನಡೆಸುತ್ತಿರುವವರ ತಿಳಿವಳಿಕೆಯೂ ಅಷ್ಟೇ.

"ಆಯ್ತು, ಮಾಡೋಣ" ಅಂದಳು ಬೆರಿಲ್.

ಹಿಲರಿ ಹೋದ ಮೇಲೆ ಡೊರೀನ್ ಒದ್ದೆ ಬಟ್ಟೆಯನ್ನು ತೊಟ್ಟಿಗೆ ಎಸೆದಳು. "ಏನು ಮಾಡೋಣ? ಹೋಗಿ ಹೇಳೇ! ಇದೆಲ್ಲಾ ನಾನು ಮಾಡಿದ್ದು ಅಂತ ಬಾಯಿಬಿಟ್ಟು ಹೇಳು!"

"ಏನಂತ ಹೇಳ್ಲಿ? ಪದಕ ನಂದು, ಕೊಡ್ರೋ ಅಂತ ಬೀದೀಲಿ ನಿಂತು ಕಿರುಚ್ಲಾ?"

"ಕಿರುಚು! ನಾನೂ ಜೊತೆಗೆ ಕಿರುಚ್ತೀನಿ."

"ಚೆನ್ನಾಗಿರುತ್ತೆ."

"ಚೆನ್ನಾಗಿರೋದೇ ಬೇಡ ಕಣೇ. ನಿಜ ಆದ್ರೆ ಸಾಕು. ಆ ಮನುಷ್ಯನಿಗೆ ಟೀ ಕೊಡೋಕೆ ನಾನಂತೂ ಬರಲ್ಲ." ಡೊರೀನ್ ಹೇಳಿದ ಹಾಗೆಯೇ ಬರಲಿಲ್ಲ. ಬಂದಿದ್ದರೆ ಎಲ್ಲ ಬೇರೆಯಾಗುತ್ತಿತ್ತೋ ಏನೋ.

ಮಾರ್ಚಿನ ಆ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಭವನದ ತುಂಬ ಜನ. ಲಾರ್ಡ್ ಲೆಫ್ಟಿನೆಂಟ್ ಸಮವಸ್ತ್ರ ತೊಟ್ಟು, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಬಂದಿದ್ದ. ಕುರ್ಚಿಗಳ ಮಧ್ಯೆ ನಡೆಯುವಾಗ ಕತ್ತಿಯನ್ನು ಕೈಯಲ್ಲಿ ಒತ್ತಿ ಹಿಡಿದುಕೊಳ್ಳಬೇಕಾಯಿತು. ಊಟದ ಕೂಟದ ಮುದುಕರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಪ್ರವಾಹದ ದಿನದ ಹನ್ನೊಂದು ಜನರಲ್ಲಿ ಉಳಿದಿದ್ದವನು ತೊಂಬತ್ತು ವರ್ಷದ ವಿಲ್ಫ್ ಒಬ್ಬನೇ. ಬೆರಿಲ್ ಅಡಿಗೆಮನೆಯ ಬಾಗಿಲಲ್ಲಿ ಕಪ್ಪುಗಳ ತಟ್ಟೆ ಹಿಡಿದು ನಿಂತಿದ್ದಳು.

ಲಾರ್ಡ್ ಲೆಫ್ಟಿನೆಂಟ್ ಓದತೊಡಗಿದ. ಬೆರಿಲ್‌ಗೆ ಒಂದೊಂದು ಮಾತೂ ಗುರುತು ಸಿಕ್ಕಿತು. ಮಿಸೆಸ್ ಟಾರ್ಡಾಫ್ ಬಂದಳು, ಹಿಮದಲ್ಲಿ ಹೊತ್ತ ಸೂಪು ಬಂತು, ಕೆಟ್ಟ ಒಲೆ ಬಂತು. "ನವೆಂಬರ್ 2000ದ ಪ್ರವಾಹದಲ್ಲಿ ಮಿಸ್ಟರ್ ಹೋಲ್ರಾಯ್ಡ್ ಅವರ ಮುಂದಾಳತ್ವದಲ್ಲಿ ಹನ್ನೊಂದು ಮಂದಿ ವೃದ್ಧರನ್ನು ರಕ್ಷಿಸಲಾಯಿತು. ದೃಷ್ಟಿಹೀನರಾದ ಮಿಸ್ಟರ್ ನಟಲ್ ಅವರನ್ನು ಸೊಂಟಮಟ್ಟದ ನೀರಿನಲ್ಲಿ ಸ್ವತಃ ಕೈಹಿಡಿದು..."

ಕ್ಲಿಫರ್ಡ್ ತನ್ನ ಬೂಟುಗಳನ್ನು ನೋಡಿಕೊಂಡ.

"ಅಲ್ಲ!" ಎಂದು ಮುಂದಿನ ಸಾಲಿನಿಂದ ಒಂದು ದೊಡ್ಡ ದನಿ ಬಂತು. ವಿಲ್ಫ್ ಎದ್ದು ನಿಂತಿದ್ದ. "ತಪ್ಪು ಓದ್ತಿದೀರಾ ಸ್ವಾಮಿ. ನಾನೇ ಆ ನಟಲ್. ಆ ಕೈ ಹೆಂಗಸಿನ ಕೈ. ಈರುಳ್ಳಿ ವಾಸನೆ ಇತ್ತು. ಅದು ಬೆರಿಲ್. ಬೆರಿಲ್, ಎಲ್ಲಿದೀಯಮ್ಮಾ? ಹೇಳು ಇವರಿಗೆ!"

ಎಂಬತ್ತು ತಲೆ ಅಡಿಗೆಮನೆಯ ಕಡೆಗೆ ತಿರುಗಿತು. ಕ್ಲಿಫರ್ಡ್ ತಲೆ ಎತ್ತಿದ. ಹೆದರಿದ ಮುಖ. ಹಿಲರಿ ಬಾಯಿಗೆ ಕೈ ಅಡ್ಡ ಹಿಡಿದಳು.

ಅವಳು ಮೂವತ್ತೆಂಟು ವರ್ಷ ಕಾದ ಗಳಿಗೆ ಅದು. ನಾಲ್ಕು ಜನರಲ್ಲ, ಎಂಬತ್ತು ಜನರ ಮುಂದೆ ಒಬ್ಬ ಮನುಷ್ಯ ಅವಳ ಹೆಸರು ಹಿಡಿದು, ಇದನ್ನು ಮಾಡಿದವಳು ಇವಳು ಅಂದಿದ್ದ. "ಹೌದು" ಅಂದರೆ ಸಾಕಿತ್ತು. ಆದರೆ ಕತ್ತಿ ಕಟ್ಟಿದವನು ಓದುವುದನ್ನು ನಿಲ್ಲಿಸಿ ನಿಂತಿದ್ದಾನೆ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ತನ್ನಿಂದ ಸಮಾರಂಭ ಕೆಡುತ್ತಿದೆ. ಬೆರಿಲ್‌ಳ ಕಿವಿ ಬಿಸಿಯಾಯಿತು. ಬಾಯಿ ತಾನಾಗಿಯೇ, ಅರವತ್ತೆಂಟು ವರ್ಷದ ರೂಢಿಯಂತೆ, ಆಡಿಬಿಟ್ಟಿತು:

"ಕ್ಷಮಿಸಿ ಸರ್. ಅವ್ರಿಗೆ ವಯಸ್ಸಾಯ್ತು. ಈಚೆಗೆ ಸ್ವಲ್ಪ ಗೊಂದಲ ಆಗುತ್ತೆ. ನೀವು ಓದಿ."

"ಪಾಪ" ಎಂದು ಯಾರೋ ಅಂದರು. ಭವನದ ಉಸಿರು ಸಡಿಲವಾಯಿತು. ಬೆರಿಲ್ ತಟ್ಟೆ ಇಟ್ಟು ಬಂದು, ವಿಲ್ಫ್‌ನನ್ನು ಕೂರಿಸಿದಳು. ಕೈ ಹಿಡಿಯಲಿಲ್ಲ, ಗುರುತು ಹಿಡಿದುಬಿಟ್ಟಾನು ಎಂದು ಕೋಟಿನ ತೋಳು ಹಿಡಿದಳು. ಗುಲಾಬಿ ಪಟ್ಟಿಗೆ ಬೂದು ಅಂಚಿನ ಪದಕ ಕ್ಲಿಫರ್ಡ್‌ನ ಎದೆಗೆ ಏರಿತು. "ಇದು ನನ್ನೊಬ್ಬನದಲ್ಲ, ಅಡಿಗೆಮನೆಯ ಹೆಂಗಸರದೂ ಹೌದು" ಎಂದು ಅವನು ಅಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಕೋನ್ ಒಂದೂ ಉಳಿಯಲಿಲ್ಲ.

ಮುಂದಿನ ಮಂಗಳವಾರ ಮಾಂಸ ಆಲೂಗಡ್ಡೆಯ ಪೈ. ವಿಲ್ಫ್ ತನ್ನ ಜಾಗದಲ್ಲಿ ಕೂತು ಊಟ ಮುಟ್ಟದೆ ಇದ್ದ. ಬೆರಿಲ್ ಅವನ ಪಕ್ಕ ಕುರ್ಚಿ ಎಳೆದುಕೊಂಡಳು. ಅವಳು ನಾಲ್ಕು ರಾತ್ರಿಯಿಂದ ನಿದ್ದೆ ಮಾಡಿರಲಿಲ್ಲ.

"ನನ್ನ ಮಗಳು ಹೇಳ್ತಾಳೆ, ಡಾಕ್ಟ್ರಿಗೆ ತೋರಿಸ್ಬೇಕಂತೆ, ತಲೆಗೆ" ಅಂದ ವಿಲ್ಫ್. "ಹದಿಮೂರು ವರ್ಷದಿಂದ ಅದೊಂದು ನನಗೆ ಸರಿಯಾಗಿ ನೆನಪಿದೆ ಅಂದ್ಕೊಂಡಿದ್ದೆ ಕಣಮ್ಮ. ಅದೂ ಸುಳ್ಳಾದ್ರೆ ಇನ್ನೇನು ನಂಬ್ಲಿ ಹೇಳು?"

"ಸುಳ್ಳಲ್ಲ ವಿಲ್ಫ್. ಅದು ನಾನೇ. ನಿಮ್ಮ ಕೈ ಹಿಡಿದಿದ್ದು ನಾನೇ. ಶುಕ್ರವಾರ ನಾನು ಸುಳ್ಳು ಹೇಳ್ದೆ, ಎಲ್ಲರ ಮುಂದೆ ನಾಚಿಕೆ ಆಯ್ತು." ಈರುಳ್ಳಿ ಹೆಚ್ಚಿ ಬಂದ ಕೈಯನ್ನು ಅವನ ಕೈಯೊಳಗೆ ಇಟ್ಟಳು.

ವಿಲ್ಫ್ ಆ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ. ಆಮೇಲೆ ಮೆಲ್ಲಗೆ ತಟ್ಟಿ, ಅವಳ ಮಡಿಲಿಗೇ ವಾಪಸು ಇಟ್ಟ.

"ನಿಂದು ಒಳ್ಳೇ ಮನಸ್ಸು ಬೆರಿಲ್. ಆದ್ರೆ ನನ್ನ ಸಮಾಧಾನಕ್ಕೆ ಹೀಗೆಲ್ಲಾ ಹೇಳ್ಬೇಡಮ್ಮ. ರಾಣಿಯವರ ಕಡೆಯವರೇ ಓದಿದ್ರಲ್ಲ, ಅವರ ಹತ್ರ ಬರವಣಿಗೇಲಿ ಇದೆಯಲ್ಲ." ಅವನು ಫೋರ್ಕನ್ನು ತಡವಿ ಹುಡುಕಿಕೊಂಡ. "ಸ್ವಲ್ಪ ಗ್ರೇವಿ ಇದ್ರೆ ಹಾಕು."